ಮಜ್ಜಿಗೆ ಹುಲ್ಲಿನ ಎಣ್ಣೆಯಿಂದ ಕೊಳೆರೋಗ ನಿಲ್ಲುವುದೇ?

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಿರಲೆಂದು ಪ್ರತಿವರ್ಷ ಕೊನೆಗಳಿಗೆ (ಅಡಿಕೆ ಗೊಂಚಲುಗಳಿಗೆ) ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಮಜ್ಜಿಗೆ ಹುಲ್ಲು, ಲವಂಗ, ದಾಲ್ಚಿನ್ನಿಗಳ ಎಣ್ಣೆ ಶಿಲೀಂಧ್ರಗಳನ್ನು ಕೊಲ್ಲುತ್ತದೆ ಎಂದು ಓದಿದೆ. ನಮ್ಮ ತೋಟದ ಬದುವಿನಲ್ಲಿ ಮಜ್ಜಿಗೆ ಹುಲ್ಲು ಬೇಕಾದಷ್ಟಿದೆ. ಮೈಲುತುತ್ತದ ಬದಲಿಗೆ ಅದರ ಎಣ್ಣೆಯನ್ನು ಬಳಸಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಾವು ಓದಿದ್ದು ಸುಳ್ಳಲ್ಲ. ಆದರೂ ಕೊಳೆರೋಗದ ಮಟ್ಟಿಗೆ ಬೋರ್ಡೋ ಬಿಟ್ಟು ಎಣ್ಣೆಯನ್ನು ನಂಬುವಂತಿಲ್ಲ.

ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಸಿಟ್ರಾಲ್, ಲವಂಗದ ಎಣ್ಣೆಯಲ್ಲಿ ಯೂಜೆನಾಲ್, ಓಮದ ಎಣ್ಣೆಯಲ್ಲಿ ಥೈಮಾಲ್ ಎಂಬ ಅಂಶಗಳು ಮುಖ್ಯವಾಗಿರುತ್ತವೆ. ದಾಲ್ಚಿನ್ನಿಯದು ಸ್ವಲ್ಪ ವಿಚಿತ್ರ: ತೊಗಟೆಯ ಎಣ್ಣೆಯಲ್ಲಿ ಸಿನಮಾಲ್ಡಿಹೈಡ್ ಹೆಚ್ಚಿದ್ದರೆ, ಅದೇ ಮರದ ಎಲೆಯ ಎಣ್ಣೆಯಲ್ಲಿ ಯೂಜೆನಾಲ್ ಹೆಚ್ಚು. ಇವೆಲ್ಲ ರೋಗಾಣುವಿನ ಜೀವಕೋಶದ ಪೊರೆಯನ್ನು ಸಡಿಲಗೊಳಿಸಿ ಒಳಗಿನ ದ್ರವ ಸೋರುವಂತೆ ಮಾಡುತ್ತವೆ. ಪ್ರಯೋಗಾಲಯದಲ್ಲಿ ಫಲಿತಾಂಶ ಅಷ್ಟು ಚೆನ್ನಾಗಿ ಬರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅಲ್ಲಿ ಶಿಲೀಂಧ್ರವನ್ನು ಬೆಳೆಸುವುದು ಮುಚ್ಚಳವಿರುವ ತಟ್ಟೆಯಲ್ಲಿ. ಎಣ್ಣೆಯ ಆವಿ ಹೊರಗೆ ಹೋಗಲಾರದೆ ದಿನಗಟ್ಟಲೆ ಅಲ್ಲಿಯೇ ತುಂಬಿಕೊಂಡಿರುತ್ತದೆ. ತೋಟಕ್ಕೆ ಮುಚ್ಚಳವಿಲ್ಲ. ಗಾಳಿಯಾಡುವ ಕೊನೆಯ ಮೇಲೆ ಬಿದ್ದ ಎಣ್ಣೆ ಬೇಗನೆ ಆವಿಯಾಗುತ್ತದೆ, ಉಳಿದದ್ದನ್ನು ಮಲೆನಾಡಿನ ಮಳೆ ತೊಳೆದು ಹಾಕುತ್ತದೆ.

ಕೊಳೆರೋಗವಾದರೋ ಮಳೆಯಲ್ಲಿಯೇ ಹಬ್ಬುವ ರೋಗ. ಇದಕ್ಕೆ ಕಾರಣವಾದ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೂ ಅಲ್ಲ, ಶಿಲೀಂಧ್ರದಂತೆ ಕಾಣುವ ಬೇರೊಂದು ಜೀವಿ. ಅದರ ಬೀಜಾಣುಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿಕೊಂಡು ಹೋಗುತ್ತವೆ. ಆದ್ದರಿಂದ ಇದಕ್ಕೆ ಬೇಕಾದ ಔಷಧಿ ವಾರಗಟ್ಟಲೆ ಮಳೆಗೂ ಜಗ್ಗದೆ ಕಾಯಿಗೆ ಅಂಟಿಕೊಂಡಿರಬೇಕು. ಮೈಲುತುತ್ತ ಮತ್ತು ಸುಣ್ಣ ಸೇರಿದಾಗ ನೀರಿನಲ್ಲಿ ಸುಲಭವಾಗಿ ಕರಗದ ತಾಮ್ರದ ಕಣಗಳು ಉಂಟಾಗುವುದರಿಂದಲೇ ಬೋರ್ಡೋ ಈ ಕೆಲಸಕ್ಕೆ ಒದಗುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಶತಮಾನ ಕಳೆದರೂ ಶೇ. 1ರ ಬೋರ್ಡೋವನ್ನು, ಅಂದರೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ದ್ರಾವಣವನ್ನು, ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಹೊಡೆಸುವ ಕ್ರಮವನ್ನು ನಾವು ಬಿಟ್ಟಿಲ್ಲ. ತಾಮ್ರ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ ಎಂಬ ಆತಂಕ ತಮ್ಮ ಪ್ರಶ್ನೆಯ ಹಿಂದೆ ಇದ್ದರೆ ಅದು ನ್ಯಾಯವಾದದ್ದೇ. ಹಾಗಿದ್ದಲ್ಲಿ ಕೊನೆಗಳಿಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟಿಸುವುದು ಎಣ್ಣೆಗಿಂತ ಭರವಸೆಯ ದಾರಿ.

ಖರ್ಚಿನ ಲೆಕ್ಕವನ್ನೂ ನೋಡಿ. ನೂರು ಕಿಲೋ ಹಸಿ ಹುಲ್ಲನ್ನು ಬಟ್ಟಿ ಇಳಿಸಿದರೆ ಅರ್ಧ ಕಿಲೋ ಎಣ್ಣೆ ಸಿಕ್ಕರೆ ಹೆಚ್ಚು. ಅದು ನೀರಿನೊಂದಿಗೆ ಬೆರೆಯದು, ಸಾಬೂನು ಸೇರಿಸಿ ಕದಡಬೇಕು. ಸರಿಯಾಗಿ ಕದಡದಿದ್ದರೆ ಹನಿ ಬಿದ್ದಲ್ಲಿ ಎಳೆಯ ಎಲೆ ಸುಡುತ್ತದೆ. ಲವಂಗದ ಎಣ್ಣೆಯನ್ನು ವಿದೇಶಗಳಲ್ಲಿ ಕಳೆನಾಶಕವಾಗಿಯೂ ಮಾರುತ್ತಾರೆ ಎಂಬುದನ್ನು ಮರೆಯಬಾರದು.

ಹಾಗೆಂದು ಬಯಲಿನ ಬೆಳೆಗೆ ಈ ಎಣ್ಣೆಗಳು ಬಾರವೇ ಬಾರವು ಎಂದಲ್ಲ. ಎಲೆಯ ಮೇಲ್ಮೈಯಲ್ಲಿಯೇ ಬೆಳೆಯುವ ಬೂದಿರೋಗದ ಮೇಲೆ ಅವು ನೇರವಾಗಿ ತಾಗುತ್ತವೆ. ಇಸ್ರೇಲಿನ ಟೈಮೊರೆಕ್ಸ್ ಗೋಲ್ಡ್ ಎಂಬ, ಟೀ ಟ್ರೀ ಎಣ್ಣೆಯ ಔಷಧಿ ಬೂದಿರೋಗಕ್ಕೂ ಬಾಳೆಯ ಸಿಗಟೋಕಾ ಎಲೆಚುಕ್ಕೆಗೂ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅಂಗಡಿಯವರು ತೋರಿಸುವ ಬೇವಿನೆಣ್ಣೆ ಮಾತ್ರ ಈ ಜಾತಿಗೆ ಸೇರಿದ್ದಲ್ಲ. ಅದು ಗಾಣದ ಎಣ್ಣೆ, ಆವಿಯಾಗುವುದಿಲ್ಲ.

ಪ್ರಶ್ನೆ: ಬಿತ್ತನೆಗೆಂದು ಇಟ್ಟ ಶೇಂಗಾಕ್ಕೆ ಬೂಷ್ಟು ಬರುತ್ತದೆ. ಓಮದ ಎಣ್ಣೆ ಉಪಯೋಗಕ್ಕೆ ಬರುತ್ತದೆಯೇ?
— ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಇಲ್ಲಿ ಮುಚ್ಚಳವಿದೆ! ಗಾಳಿಯಾಡದ ಡಬ್ಬಿಯಲ್ಲಿ ಆವಿ ನಿಲ್ಲುವುದರಿಂದ, ಅಫ್ಲಾಟಾಕ್ಸಿನ್ ವಿಷವನ್ನು ಉಂಟುಮಾಡುವ ಆಸ್ಪರ್ಜಿಲಸ್ ಬೂಷ್ಟನ್ನು ಓಮದ ಎಣ್ಣೆ ತಡೆಯಬಲ್ಲದು. ಗೋಣಿಚೀಲದಲ್ಲಿ ಇದು ನಡೆಯದು. ಪ್ರಮಾಣ ಹೆಚ್ಚಾದರೆ ಮೊಳಕೆಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಮೊದಲು ಒಂದು ಸೇರು ಬೀಜದಲ್ಲಿ ಪರೀಕ್ಷಿಸಿ, ನೂರು ಬೀಜ ಮೊಳಕೆಗಿಟ್ಟು ಎಣಿಸಿ. ಎಣ್ಣೆಗಿಂತ ಮೊದಲು ಒಣಗಿಸುವುದು ಮುಖ್ಯ, ತೇವಾಂಶ ಶೇ. 8ಕ್ಕಿಂತ ಕೆಳಗಿರಲಿ. ಈಗಾಗಲೇ ಬೂಷ್ಟು ಹಿಡಿದ ಕಾಯಿಗಳನ್ನು ಆರಿಸಿ ತೆಗೆಯಿರಿ, ದನಕ್ಕೂ ಹಾಕಬೇಡಿ: ಎಣ್ಣೆಯ ಆವಿ ಬೂಷ್ಟನ್ನು ಕೊಂದರೂ ಕಾಳಿನೊಳಗೆ ಆಗಲೇ ಸೇರಿರುವ ವಿಷ ಅಲ್ಲಿಯೇ ಉಳಿದಿರುತ್ತದೆ.