ನೋಟರಿ, ಅಪೋಸ್ಟಿಲ್, ರಾಯಭಾರ ಕಚೇರಿ ಸೀಲು: ಯಾವುದು ಬೇಕು, ಯಾವುದು ಮೊದಲು?

ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟು, ಡಿಗ್ರಿ ಸರ್ಟಿಫಿಕೇಟು ಮೂರನ್ನೂ ‘ಲೀಗಲೈಸ್’ (ಅಂದರೆ ಅಲ್ಲಿ ನಡೆಯುವ ಹಾಗೆ ದೃಢೀಕರಣ) ಮಾಡಿಸಿ ತನ್ನಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಒಬ್ಬರು ನೋಟರಿ ಸಾಕು ಅಂತಾರೆ, ಇನ್ನೊಬ್ಬರು ಅಪೋಸ್ಟಿಲ್ ಅಂತಾರೆ, ಏಜೆಂಟು ರಾಯಭಾರ ಕಚೇರಿ ಸೀಲೂ ಬೇಕು ಅಂತಾನೆ. ಯಾರನ್ನು ನಂಬಬೇಕು ಅನ್ನೋದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಮೂವರನ್ನೂ ನಂಬಬೇಡಿ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಕಾಗದ ಯಾವ ದೇಶಕ್ಕೆ ಹೋಗುತ್ತದೆ, ಅಲ್ಲಿ ಯಾರ ಟೇಬಲ್ ಮೇಲೆ ಕೂರುತ್ತದೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ನಾನು ಈ ಕೆಲಸಕ್ಕೆ ಎರಡು ಸಲ ಓಡಾಡಿದ್ದೇನೆ. ಮೊದಲ ಸಲ ಚೆನ್ನಾಗಿ ಕೆಡಿಸಿಕೊಂಡೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಇಡೀ ಗೋಜಲಿನ ಮೂಲ ಒಂದೇ, ಸಹಿಯ ಪರಿಚಯ. ನಿಮ್ಮ ಜನನ ಪ್ರಮಾಣಪತ್ರಕ್ಕೆ ಸಹಿ ಹಾಕಿದ ರಿಜಿಸ್ಟ್ರಾರ್ ಯಾರು ಅಂತ ಆ ದೇಶದ ಕಚೇರಿಯವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಹಳೇ ಪದ್ಧತಿಯಲ್ಲಿ ಒಂದು ಸರಪಳಿ ಇರುತ್ತದೆ. ರಿಜಿಸ್ಟ್ರಾರ್ ಸಹಿ ನಿಜ ಅಂತ ಮೇಲಿನ ಇಲಾಖೆ ಹೇಳುತ್ತದೆ. ಆ ಇಲಾಖೆಯ ಸಹಿ ನಿಜ ಅಂತ ವಿದೇಶಾಂಗ ಇಲಾಖೆ ಹೇಳುತ್ತದೆ. ವಿದೇಶಾಂಗ ಇಲಾಖೆಯ ಸಹಿ ನಿಜ ಅಂತ ನೀವು ಹೋಗುವ ದೇಶದ ರಾಯಭಾರ ಕಚೇರಿ ಹೇಳುತ್ತದೆ. ಕೆಲವು ದೇಶಗಳಲ್ಲಿ ಅಲ್ಲಿಗೆ ಇಳಿದ ಮೇಲೆ ಅವರ ವಿದೇಶಾಂಗ ಇಲಾಖೆಯಲ್ಲೂ ಇನ್ನೊಂದು ಸೀಲು. ಏಜೆಂಟು ಹೇಳುತ್ತಿರುವುದು ಈ ಸರಪಳಿಯನ್ನೇ.

ಈ ಓಡಾಟ ತಪ್ಪಿಸೋಕೆ ಅಂತಲೇ 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಒಂದು ಒಪ್ಪಂದ ಆಯಿತು. ಜಾರಿಗೆ ಬಂದದ್ದು 1965ರ ಜನವರಿಯಲ್ಲಿ. ಸರಪಳಿಯ ಬದಲು ಒಂದೇ ಒಂದು ಚೀಟಿ, ಅದೇ ಅಪೋಸ್ಟಿಲ್. ಈಗ 120ಕ್ಕೂ ಜಾಸ್ತಿ ದೇಶಗಳು ಒಪ್ಪಿಕೊಂಡಿವೆ. ಚೀನಾದಲ್ಲಿ 2023ರ ನವೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ ಜಾರಿಗೆ ಬಂತು. ಹಾಗಾಗಿ ನಾಲ್ಕೈದು ವರ್ಷ ಹಿಂದೆ ಯಾರೋ ಕೊಟ್ಟ ಸಲಹೆ ಈಗ ಹಳಸಿರಬಹುದು.

ಎರಡೂ ದೇಶ ಪಟ್ಟಿಯಲ್ಲಿವೆ ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಹೊಸದಾಗಿ ಸೇರಿದ ದೇಶದ ಮೇಲೆ ಹಳೇ ಸದಸ್ಯ ದೇಶ ಆಕ್ಷೇಪ ಹಾಕಬಹುದು. ಆಗ ಆ ಇಬ್ಬರ ನಡುವೆ ಮಾತ್ರ ಒಪ್ಪಂದ ನಡೆಯೋದಿಲ್ಲ. ಭಾರತದಲ್ಲಿ ಒಪ್ಪಂದ 2005ರ ಜುಲೈನಿಂದ ಜಾರಿಯಲ್ಲಿದೆ, ಜರ್ಮನಿಯೂ ಸದಸ್ಯ ದೇಶವೇ. ಆದರೆ ಭಾರತ ಸೇರಿದಾಗ ಜರ್ಮನಿ ಆಕ್ಷೇಪ ಹಾಕಿತು. ಅಪೋಸ್ಟಿಲ್ ಹಿಡಿದುಕೊಂಡು ಹೋಗಿ ಬೇಸ್ತು ಬೀಳುವುದು ಇಂಥ ಜೋಡಿಗಳಲ್ಲೇ. ಈ ಒಪ್ಪಂದವನ್ನು ನೋಡಿಕೊಳ್ಳುವ ಸಂಸ್ಥೆ ಹೇಗ್ ಸಮ್ಮೇಳನ (HCCH), ಅದರ ವೆಬ್‌ಸೈಟಿನಲ್ಲಿ ದೇಶಗಳ ಪಟ್ಟಿ ಇದೆ. ಹೆಸರಿನ ಪಕ್ಕ ಆಕ್ಷೇಪದ ಗುರುತು ಇದೆಯಾ ಅಂತ ನೋಡಿ. ಇದರ ಉಲ್ಟಾ ಕೂಡ ಉಂಟು: ಐರೋಪ್ಯ ಒಕ್ಕೂಟದ ದೇಶಗಳ ನಡುವೆ ಜನನ, ಮದುವೆಯಂಥ ಪತ್ರಗಳಿಗೆ 2019ರಿಂದ ಅಪೋಸ್ಟಿಲ್ಲೂ ಬೇಡ.

ಅಪೋಸ್ಟಿಲ್ ನೋಡಿಲ್ಲ ಅಂದರೆ ಅದು ಹೀಗಿರುತ್ತದೆ: ಒಂದು ಚೌಕ, ಬದಿ ಕಡಿಮೆ ಅಂದರೂ 9 ಸೆಂಟಿಮೀಟರ್, ಒಳಗೆ ನಂಬರ್ ಹಾಕಿದ 10 ಅಂಶ. ದೇಶ, ಸಹಿ ಮಾಡಿದವರ ಹೆಸರು, ಅವರ ಹುದ್ದೆ, ಯಾರ ಸೀಲು. ಆಮೇಲೆ ಊರು, ದಿನಾಂಕ, ಕೊಟ್ಟ ಕಚೇರಿ, ನಂಬರು, ಸೀಲು, ಸಹಿ. ಯಾವ ಭಾಷೆಯ ದೇಶ ಕೊಟ್ಟರೂ ತಲೆಬರಹ ಫ್ರೆಂಚ್‌ನಲ್ಲೇ ಇರಬೇಕು. ನನಗೆ ಕೈಗೆ ಬಂದಾಗ ‘ಇದೇನಿದು, ಬೇರೆ ಯಾವುದೋ ದೇಶದ್ದು ಕೊಟ್ಟರಾ’ ಅಂತ ಗಾಬರಿಯಾಗಿತ್ತು.

ಎರಡನೇ, ಮೂರನೇ ಸಾಲು ಗಮನವಿಟ್ಟು ಓದಿ. ಅಪೋಸ್ಟಿಲ್ ಹೇಳೋದು ‘ಈ ಸಹಿ ಇವರದ್ದು, ಇವರ ಹುದ್ದೆ ಇದು’ ಅಂತ ಅಷ್ಟೇ. ಒಳಗೆ ಬರೆದಿರುವುದು ನಿಜವೋ ಸುಳ್ಳೋ ಅಂತ ಅದು ಹೇಳುವುದೇ ಇಲ್ಲ. ನಿಮ್ಮ ಡಿಗ್ರಿ ವಿಷಯದಲ್ಲಿ ಇದು ತುಂಬಾ ಮುಖ್ಯ. ಡಿಗ್ರಿಯ ಝೆರಾಕ್ಸ್‌ಗೆ ನೋಟರಿ ಹಾಕಿಸಿ, ಅದರ ಮೇಲೆ ಅಪೋಸ್ಟಿಲ್ ತೆಗೆದುಕೊಂಡರೆ, ಎರಡನೇ ಸಾಲಿನಲ್ಲಿ ಬರುವುದು ನೋಟರಿಯ ಹೆಸರು. ಯೂನಿವರ್ಸಿಟಿಯದ್ದಲ್ಲ. ಕೆಲವರು ಇದನ್ನು ಒಪ್ಪುತ್ತಾರೆ. ಕೆಲವರು ‘ನೋಟರಿ ಇರೋದು ನಿಜ, ಡಿಗ್ರಿ ಎಲ್ಲಿ?’ ಅಂತ ವಾಪಸ್ ಕಳಿಸುತ್ತಾರೆ. ಅವರು ಹೇಳೋದರಲ್ಲೂ ತಪ್ಪಿಲ್ಲ ಅಲ್ವಾ? ಅಸಲು ಪತ್ರದ ಮೇಲೇ ಬೇಕಾ, ನೋಟರಿ ಮಾಡಿಸಿದ ಪ್ರತಿ ನಡೆಯುತ್ತದಾ ಅಂತ ಮೊದಲೇ ಕೇಳಿ. ನೋಟರಿ ಒಂದೇ ಸಾಕು ಅಂದವರ ಮಾತು ಈ ಮೂರು ಪತ್ರಗಳ ಮಟ್ಟಿಗೆ ನಡೆಯೋದು ಅನುಮಾನ.

ಈಗ ನಾನು ಕೆಡಿಸಿಕೊಂಡ ಕಥೆ. ಮೊದಲ ತಪ್ಪು, ಅನುವಾದವನ್ನು ಮುಂಚೆ ಮಾಡಿಸಿದೆ. ಪತ್ರ ಅನುವಾದ ಆಯಿತು, ಆಮೇಲೆ ಅಸಲಿಗೆ ಅಪೋಸ್ಟಿಲ್ ಅಂಟಿತು. ನಾನು ಹೋದ ದೇಶದ ಕಚೇರಿಯ ಕೌಂಟರಿನಲ್ಲಿದ್ದ ಹೆಂಗಸು ಅನುವಾದ ಓದಿ, ಅಸಲನ್ನು ತಿರುಗಿಸಿ, ಬೆರಳಿಟ್ಟು ಕೇಳಿದರು: ‘ಈ ಚೌಕದಲ್ಲಿ ಇರುವುದು ಅನುವಾದದಲ್ಲಿ ಎಲ್ಲಿದೆ?’ ಇರಲಿಲ್ಲ. ಅಪೋಸ್ಟಿಲ್ಲೂ ಪತ್ರದ ಭಾಗ, ಅದೂ ಅನುವಾದ ಆಗಬೇಕು ಅಂದರು. ಮತ್ತೆ ದುಡ್ಡು, ಮತ್ತೆ ಎರಡು ವಾರ. ಜೊತೆಗೆ, ಅವರ ದೇಶದಲ್ಲಿ ಪ್ರಮಾಣವಚನ ತೆಗೆದುಕೊಂಡ ಅನುವಾದಕರೇ ಮಾಡಿರಬೇಕಂತೆ. ನಾನು ಊರಿನಲ್ಲಿ ಮಾಡಿಸಿದ್ದು ಸುಮ್ನೆ ದಂಡ.

ಎರಡನೇ ತಪ್ಪು ಹೇಳೋಕೂ ನಾಚಿಕೆ. ಮದುವೆ ಪತ್ರಕ್ಕೆ ಅಪೋಸ್ಟಿಲ್ ಬೇರೆ ಹಾಳೆಯಲ್ಲಿ ಬಂದಿತ್ತು, ಮೂಲೆಯಲ್ಲಿ ಪಿನ್ ಹೊಡೆದು, ಎರಡೂ ಹಾಳೆಗೆ ತಾಗುವ ಹಾಗೆ ಉಬ್ಬು ಸೀಲು ಒತ್ತಿದ್ದರು. ಸ್ಕ್ಯಾನರಿನಲ್ಲಿ ಹಾಳೆ ಚಪ್ಪಟೆ ಕೂರಲಿಲ್ಲ ಅಂತ ನಾನು ಪಿನ್ ಕಿತ್ತೆ. ಸ್ಕ್ಯಾನ್ ಆದಮೇಲೆ ಅದೇ ತೂತಿಗೆ ಹೊಸ ಪಿನ್ ಹೊಡೆದೆ, ಜಾಣತನ ಅಂದುಕೊಂಡು. ಕೌಂಟರಿನವರು ಹಾಳೆಯನ್ನು ಬೆಳಕಿಗೆ ಹಿಡಿದರು. ಉಬ್ಬು ಸೀಲಿನ ಅರ್ಧ ಚಂದ್ರ ಎರಡೂ ಹಾಳೆಯಲ್ಲಿ ಕೂದಲೆಳೆಯಷ್ಟು ಆಚೀಚೆ. ‘ಇದನ್ನು ಬಿಚ್ಚಿದ್ದೀರಿ’ ಅಂದರು, ಮುಗೀತು. ಯಾರ ಮೇಲೂ ಕೋಪ ಮಾಡಿಕೊಳ್ಳುವ ಹಾಗಿಲ್ಲ. ಹೊಸ ಪ್ರಮಾಣಪತ್ರ, ಹೊಸ ಅಪೋಸ್ಟಿಲ್. ಬಿಚ್ಚದೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ಸಾಕು. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಆಮೇಲೆ ಅದರ ಮೇಲೆ ಸೀಲು ಎಲ್ಲಿ ಒತ್ತುತ್ತಾರೆ?

ಏಜೆಂಟಿನ ವಿಷಯ. ಎರಡೂ ದೇಶಗಳ ನಡುವೆ ಒಪ್ಪಂದ ಜಾರಿಯಲ್ಲಿದ್ದರೆ, ಅಪೋಸ್ಟಿಲ್ ಮೇಲಿನ ಸಹಿಗೆ ಮತ್ತೆ ದೃಢೀಕರಣ ಬೇಡ ಅಂತ ಒಪ್ಪಂದದ 5ನೇ ವಿಧಿಯಲ್ಲೇ ಇದೆ. ಅದಾದ ಮೇಲೂ ರಾಯಭಾರ ಕಚೇರಿ ಸೀಲಿಗೆ ಅಂತ ದುಡ್ಡು ಕೇಳಿದರೆ, ಯಾವ ನಿಯಮದಲ್ಲಿದೆ ತೋರಿಸಿ ಅನ್ನಿ. ಅಪೋಸ್ಟಿಲ್ ಕೊಡುವ ಕಚೇರಿ ಪ್ರತಿಯೊಂದನ್ನೂ ರಿಜಿಸ್ಟರಿನಲ್ಲಿ ಬರೆದಿಡಬೇಕು. ಎಷ್ಟೋ ದೇಶಗಳಲ್ಲಿ ನಂಬರು, ದಿನಾಂಕ ಹಾಕಿ ಆನ್‌ಲೈನಿನಲ್ಲೇ ನೋಡಬಹುದು. ಏಜೆಂಟು ತಂದುಕೊಟ್ಟದ್ದನ್ನು ಅಲ್ಲೇ ಕೂತು ಪರೀಕ್ಷೆ ಮಾಡಿ. ಎಲೆಕ್ಟ್ರಾನಿಕ್ ಅಪೋಸ್ಟಿಲ್ ಬಂದರೆ ಫೈಲನ್ನೇ ಕಳಿಸಿ. ಪ್ರಿಂಟ್ ತೆಗೆದರೆ ಡಿಜಿಟಲ್ ಸಹಿ ಕಾಗದದ ಮೇಲೆ ಬರೋದಿಲ್ಲ.

ಇನ್ನೊಂದು ಗೊಂದಲ ಬಹಳ ಜನಕ್ಕೆ: ಒಪ್ಪಂದದಲ್ಲಿ ಅಪೋಸ್ಟಿಲ್ಲಿಗೆ ಅವಧಿ ಮುಗಿಯುವ ಮಾತಿಲ್ಲ. ಆದರೆ ಕೆಳಗಿನ ಪತ್ರ ಹಳೆಯದು ಅಂತ ಬೇಡ ಅನ್ನಬಹುದು. ಪೊಲೀಸ್ ಕ್ಲಿಯರೆನ್ಸ್‌ಗೆ ಮೂರು ತಿಂಗಳೋ ಆರು ತಿಂಗಳೋ ಮಿತಿ ಹಾಕುವವರು ಜಾಸ್ತಿ, ಅದನ್ನು ಕೇಳಿದರೆ ಕೊನೆಗೆ ಮಾಡಿಸಿ. ಹೆಸರಿನ ಅಕ್ಷರ ಮೂರೂ ಪತ್ರದಲ್ಲಿ ಪಾಸ್‌ಪೋರ್ಟಿನ ಹಾಗೇ ಇದೆಯಾ ಅಂತ ಇವತ್ತೇ ನೋಡಿ. ತಿದ್ದಿಸೋದಿದ್ದರೆ ಸೀಲು ಬೀಳುವ ಮುಂಚೆಯೇ ಆಗಬೇಕು.

ಕೆಲಸ ಕೊಟ್ಟವರಿಗೆ ಇವತ್ತೇ ಮೇಲ್ ಹಾಕಿ. ಕಾಗದ ಕೊನೆಗೆ ಯಾವ ಕಚೇರಿಗೆ ಹೋಗುತ್ತದೆ, ಅಸಲಿನ ಮೇಲೋ ಪ್ರತಿಯ ಮೇಲೋ, ಎಷ್ಟು ಹಳೆಯದು ನಡೆಯುತ್ತದೆ, ಅನುವಾದ ಯಾರು ಮಾಡಿರಬೇಕು, ಇಷ್ಟು ಕೇಳಿ. ಫೋನಿನಲ್ಲಿ ಬೇಡ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಅದು ಬರೋವರೆಗೆ ಏಜೆಂಟಿನ ಕೈಗೆ ಅಸಲು ಕೊಡಬೇಡಿ.