ತವರಿನಲ್ಲಿ ಎರಡು ದಿನ, ಕೈಯಲ್ಲಿ ಬೈನಾಕ್ಯುಲರ್

ಪ್ರಶ್ನೆ: ಫೆಬ್ರುವರಿಯಲ್ಲಿ ಮದ್ದೂರಿನ ತವರಿಗೆ ಹೋದಾಗ ಹಕ್ಕಿಗಳು ಗೂಡು ಕಟ್ಟುವ ಊರಾದ ಕೊಕ್ಕರೆ ಬೆಳ್ಳೂರು ನೋಡುವ ಆಸೆ. ತಮ್ಮನ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮುಂಭಾಗದ ಮಸೂರದ) ಬೈನಾಕ್ಯುಲರ್‌ನಲ್ಲಿ ಎಡಗಣ್ಣಿಗೆ ಸ್ಪಷ್ಟವಾಗಿ ಕಂಡರೆ ಬಲಗಣ್ಣಿಗೆ ಮಸುಕು. ಕೆಟ್ಟಿದೆಯೇ?

ಉತ್ತರ: ಬಹುಶಃ ಕೆಟ್ಟಿಲ್ಲ, ನಿಮ್ಮ ಕಣ್ಣಿಗೆ ಹೊಂದಿಸಿಲ್ಲ ಅಷ್ಟೆ. ದೂರದ ಬೋರ್ಡೊಂದನ್ನು ಆರಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಚೊಕ್ಕವಾಗಿ ಕಾಣುವಂತೆ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ. ಚಕ್ರ ಮುಟ್ಟದೆ, ಬಲಗಣ್ಣಿಗೂ ಅಕ್ಷರ ಚೊಕ್ಕವಾಗುವವರೆಗೆ ಬಲ ಐಪೀಸಿನ (ಕಣ್ಣಿಡುವ ತುದಿಯ) ಬಳೆಯನ್ನಷ್ಟೇ ತಿರುಗಿಸಿ. (ಕೆಲವು ಮಾದರಿಗಳಲ್ಲಿ ಈ ಬಳೆ ಬೇರೆಡೆ ಇರುತ್ತದೆ.) ಬಳೆ ನಿಂತ ಗುರುತು ನೆನಪಿಡಿ, ತಮ್ಮ ನೋಡಿದರೆ ಮತ್ತೆ ಬದಲಾಗುತ್ತದೆ. ಕನ್ನಡಕವಿದ್ದರೆ ಐಪೀಸಿನ ರಬ್ಬರ್ ಬಟ್ಟಲನ್ನು ಹಿಂದಕ್ಕೆ ಮಡಚಿ, ಇಲ್ಲದಿದ್ದರೆ ನೋಟದ ಅಂಚು ಕತ್ತರಿಸಿದಂತಾಗುತ್ತದೆ. ಇಷ್ಟಾದರೂ ಒಂದೇ ಹಕ್ಕಿ ಎರಡಾಗಿ ಕಂಡರೆ ಒಳಗಿನ ಪ್ರಿಸಂ (ಬೆಳಕು ತಿರುಗಿಸುವ ಗಾಜು) ಸರಿದಿರಬಹುದು, ರಿಪೇರಿಗೆ ಕೊಡಿ.

ಬೆಳ್ಳೂರಿಗೆ ಬೆಳಿಗ್ಗೆಯೇ ಹೋಗಿ, ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿ. ಹುಣಸೆ, ಅತ್ತಿ, ಆಲದ ಮರಗಳ ಮೇಲೆ ಕಣ್ಣಿಡಿ: ಕೊಕ್ಕಿನಡಿ ಚೀಲವಿರುವುದು ಹೆಜ್ಜಾರ್ಲೆ, ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿಯಿರುವುದು ಬಣ್ಣದ ಕೊಕ್ಕರೆ. ಚಪ್ಪಾಳೆ, ಡ್ರೋನ್ ಖಂಡಿತ ಬೇಡ. ಬೆದರಿದ ಮರಿ ಗೂಡಿನಿಂದ ಬೀಳಬಹುದು. ಬಿದ್ದಿದ್ದು ಕಂಡರೆ ನೀವು ಎತ್ತಬೇಡಿ, ಊರಿನವರಿಗೆ ತಿಳಿಸಿ. ಅಂಥ ಮರಿಗಳನ್ನು ಸಾಕಿ ಬಿಟ್ಟ ಅನುಭವ ಅವರಿಗಿದೆ.