ಕಾಲು ಟ್ಯಾಂಕ್ ಪೆಟ್ರೋಲ್ ಇದ್ದರೂ ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಯಾಕೆ ಮುಗ್ಗರಿಸುತ್ತದೆ?

ತಿರುವಿನಲ್ಲಿ ಪೆಟ್ರೋಲ್ ಎಲ್ಲಾ ಒಂದು ಪಕ್ಕಕ್ಕೆ ಸರಿದು, ಪಂಪಿಗೆ ಸಿಗುವುದಿಲ್ಲ. ಪಂಪು ಎಳೆಯುವುದು ಟ್ಯಾಂಕಿನ ತಳದ ಒಂದೇ ಜಾಗದಿಂದ. ಒಳ್ಳೆ ಟೈರಿರುವ ಕಾರು ಟ್ರ್ಯಾಕಿನಲ್ಲಿ ಜೋರಾಗಿ ತಿರುಗಿದಾಗ ಪಕ್ಕಕ್ಕೆ ತಳ್ಳುವ ಬಲ ಗುರುತ್ವದಷ್ಟೇ ಆಗಬಹುದು. ಆಗ ಟ್ಯಾಂಕಿನೊಳಗೆ ಪೆಟ್ರೋಲಿನ ಮಟ್ಟ 45 ಡಿಗ್ರಿ ಓರೆಯಾಗುತ್ತದೆ. ತುಂಬಿದ ಟ್ಯಾಂಕಿಗೆ ಇದು ಲೆಕ್ಕಕ್ಕಿಲ್ಲ. ಕಾಲು ಭಾಗವೇ ಇದ್ದರೆ ಪಂಪು ಗಾಳಿ ಎಳೆಯುತ್ತದೆ, ಎಂಜಿನ್ ಮುಗ್ಗರಿಸುತ್ತದೆ, ನೇರ ದಾರಿಗೆ ಬಂದ ಕೂಡಲೇ ಏನೂ ಆಗದವರಂತೆ ಓಡುತ್ತದೆ.

ಇದಕ್ಕೆಂದೇ ಪಂಪಿನ ಸುತ್ತ ಪುಟ್ಟ ತೊಟ್ಟಿ ಇಟ್ಟಿರುತ್ತಾರೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕುಡಿಯುವುದೂ ಜಾಸ್ತಿ ಅಲ್ವಾ? ಉದ್ದನೆಯ ತಿರುವಿನಲ್ಲಿ ಆ ತೊಟ್ಟಿಯೂ ಬರಿದಾಗುತ್ತದೆ. ರೇಸ್ ಕಾರುಗಳ ಟ್ಯಾಂಕಿನಲ್ಲಿ ಪೆಟ್ರೋಲ್ ತುಳುಕದಿರಲಿ ಅಂತ ಫೋಮ್ ತುಂಬಿರುತ್ತಾರೆ.

ತೂಕ ಉಳಿಸಲು ಕಡಿಮೆ ಹಾಕಿಸುವವರಿದ್ದಾರೆ. 20 ಲೀಟರ್ ಬಿಟ್ಟರೆ ಉಳಿಯುವುದು ಸುಮಾರು 15 ಕಿಲೋ. ಮಾಮೂಲಿ ಕಾರಿನಲ್ಲಿ ಟ್ರ್ಯಾಕಿಗೆ ಹೋಗುವವರಿಗೆ ಆ ಲೆಕ್ಕಾಚಾರ ಸುಮ್ನೆ ದಂಡ ಅಂತ ನನಗನ್ನಿಸುತ್ತದೆ; ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಗಾಳಿಯನ್ನು ಒತ್ತಿ ತುಂಬಿಸುವ ಟರ್ಬೊ ಎಂಜಿನ್ ಆದರಂತೂ ಇನ್ನೂ ಎಚ್ಚರ ಬೇಕು: ಗಾಳಿ ಹಾಗೇ ನುಗ್ಗುತ್ತಾ ಪೆಟ್ರೋಲ್ ಮಾತ್ರ ಕಡಿಮೆಯಾದರೆ ಪಿಸ್ಟನ್ನೇ ಸುಡಬಹುದು.